ಪಶ್ಚಿಮದ್ವೀಪಗಳ ಕತೆಗಾರರು

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಒಂದು ಹಳೆಯ ಜಗಳದ ವಿಚಾರ ತಿಳಿದಿರುತ್ತದೆ. 1760ರಿಂದ ಮೂರು ನಾಲ್ಕು ವರ್ಷಗಳಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬ ಸ್ಕಾಟ್ಲೆಂಡಿನ ತರುಣನು ಕೆಲವು ಕಾವ್ಯಗಳನ್ನು ಪ್ರಕಟಿಸಿ, ಇವು ಆಸಿಯನ್ ಎಂಬ ಪ್ರಾಚೀನ ಗೇಲಿಕ್ ಕವಿಯ ಕೃತಿಗಳು, ತಾನು ಭಾಷಾಂತರಕಾರನು ಮಾತ್ರ ಎಂದು ಹೇಳಿಕೊಂಡನು. ಯೂರೋಪೆಲ್ಲವೂ ತಲೆದೂಗಿತು. ಡಾಕ್ಟರ್ ಜಾನ್ಸನ್ನರು ಮಾತ್ರ ಮೂಲದ ಹಸ್ತಪ್ರತಿಯನ್ನು ತೋರಿಸಬೇಕೆಂದು ಪಟ್ಟುಹಿಡಿದರು. 1773ರಲ್ಲಿ ಬಾಸ್‌ವೆಲ್ಲರೊಡನೆ ತಾವೇ ಪಶ್ಚಿಮದ್ವೀಪಗಳಿಗೆ ಹೋಗಿಬಂದರು. ಬರವಣಿಗೆಯ ಆಸರೆಯಿಲ್ಲದೆ ಹಳೆಯ ಕಾವ್ಯ ಉಳಿದೀತೆಂಬುದನ್ನು ಅವರ ಬುದ್ಧಿ ಒಪ್ಪಲಿಲ್ಲ. ಮ್ಯಾಕ್‌ಫರ್ಸನ್ನನ ವಿಷಯದಲ್ಲಿ ಅವರ ಸಂಶಯ ಬಹುಮಟ್ಟಿಗೆ ಸರಿಯೇ. ಅವನು ನಿಜವಾದ ಲಾವಣಿಗಳ ತುಣುಕುಗಳನ್ನು ತೆಗೆದುಕೊಂಡು ಉಳಿದುದನ್ನು ತನ್ನ ಕಲ್ಪನೆಯಿಂದ ತುಂಬಿದ್ದನು. ಆದರೆ ಕಳ್ಳನನ್ನು ಹಿಡಿದ ಸಂತೋಷದಲ್ಲಿ, ಮನೆಯಲ್ಲಿ ಸೊತ್ತೇ ಇರಲಿಲ್ಲವೆಂದು ತೀರ್ಪುಕೊಟ್ಟಂತಾಯಿತು. ಗೇಲಿಕ್ ಬಾರದ ಪಂಡಿತರಿಗೆ ಆ ಸೊತ್ತು ಕಾಣುವಂತಿರಲಿಲ್ಲ. ಅದರ ಬಹುಭಾಗ ಇದ್ದುದು ಕಾಗದದಲ್ಲಲ್ಲ, ಬಡವರ ನಾಲಗೆಯಲ್ಲಿ.

ಆ ಸೊತ್ತನ್ನು ಕೂಡಿಟ್ಟವರು ಯಾರು, ಹೇಗೆ ಕೂಡಿಟ್ಟರು ಎಂಬುದೇ ಈ ದಿನದ ವಿಷಯ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಹೆಬ್ರಿಡೀಸ್ ದ್ವೀಪಗಳು ಚೆದರಿವೆ: ಲೂಯಿಸ್, ಹ್ಯಾರಿಸ್, ಯೂಯಿಸ್ಟ್, ಬಾರಾ ಮೊದಲಾದುವು. ಗಾಳಿಯ ನಾಡು, ಮರಗಳು ಅಪರೂಪ. ಜೌಗುನೆಲದಿಂದ ಹೆಂಟೆಹೆಂಟೆಯಾಗಿ ಕಡಿದು ಒಣಗಿಸಿದ ಮಣ್ಣೇ ಒಲೆಗೆ ಸೌದೆ. ಚಳಿಗಾಲದ ದೀರ್ಘರಾತ್ರಿಗಳಲ್ಲಿ ಊರಿನ ಯಾವುದಾದರೊಂದು ಮನೆಯಲ್ಲಿ ಆ ಬೆಂಕಿಯ ಸುತ್ತ ಜನ ಸೇರುತ್ತಿದ್ದರು. ಇದಕ್ಕೆ ಕೇಲಿ ಎಂದು ಹೆಸರು; ಈಗ ಆ ಮಾತಿಗೆ ಕುಣಿತದ ಕೂಟವೆಂಬ ಅರ್ಥ ಬಂದಿದ್ದರೂ ಮೂಲದಲ್ಲಿ ಅದು ನೆರೆಮನೆಗೆ ಹೋಗಿ ಕುಳಿತು ಬರುವುದು, ಅಷ್ಟೆ. ಮೊದಲ ಕತೆಯನ್ನು ಮನೆಯ ಯಜಮಾನನು ಹೇಳಬೇಕು, ಬಳಿಕ ಬೆಳಗಾಗುವವರೆಗೆ ಬಂದ ಅತಿಥಿ ಹೇಳಬೇಕು ಎಂಬುದು ಸಂಪ್ರದಾಯ. ಒಂದೇ ರಾತ್ರಿಯಲ್ಲಿ ಮುಗಿಯದ ಕತೆಗಳೂ ಇದ್ದುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪದ್ಧತಿ ಕುಗ್ಗತೊಡಗಿತು. ಪಾದ್ರಿಗಳು ಕತೆಗಳನ್ನು ವ್ಯರ್ಥಾಲಾಪವೆಂದು ಗದರಿದರು. ಶಾಲೆಯ ಉಪಾಧ್ಯಾಯರು ಪುಸ್ತಕವನ್ನು ಕೈಗೆ ಕೊಟ್ಟರು. 1872ರ ಶಿಕ್ಷಣಶಾಸನದಲ್ಲಿ ಗೇಲಿಕ್ ನುಡಿಗೆ ಸ್ಥಳವೇ ಇರಲಿಲ್ಲ. ಅದಕ್ಕೆ ಮುಂಚೆಯೇ ಎಚ್ಚತ್ತವರು ಜಾನ್ ಫ್ರಾನ್ಸಿಸ್ ಕ್ಯಾಂಬೆಲ್ಲರು. ಐಲಾ ದ್ವೀಪದ ಜಮೀನ್ದಾರರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗೇಲಿಕ್ ಕಲಿತಿದ್ದವರು ಇವರು. ಹೆಕ್ಟರ್ ಮೆಕ್ಲೀನ್ ಎಂಬ ಶಾಲೋಪಾಧ್ಯಾಯರೇ ಮೊದಲಾದವರನ್ನು ಊರೂರಿಗೆ ಕಳುಹಿಸಿ, ತಾವೂ ಅಲೆದು, 1860ರಿಂದ 1862ರೊಳಗೆ ನಾಲ್ಕು ಸಂಪುಟಗಳನ್ನು ಹೊರತಂದರು. ಹೇಳಿದವರ ಹೆಸರು, ಊರು, ಕಸಬು ಎಲ್ಲವನ್ನೂ ನಮೂದಿಸಿದರು. ಗೇಲಿಕ್ ಮೂಲವನ್ನು ಅನುವಾದದೊಡನೆ ಅಚ್ಚುಹಾಕಿಸಿದರು. ಕತೆಯನ್ನು ತಿದ್ದಿ ಅಂದಗೊಳಿಸುವ ಚಪಲಕ್ಕೆ ಅವರು ಒಳಗಾಗಲಿಲ್ಲ. ಒಂದು ನೂರು ವರ್ಷ ಗೇಲಿಕ್ ಜನರ ಮೇಲೆ ಬಿದ್ದಿದ್ದ ಸುಳ್ಳಿನ ಅಪವಾದಕ್ಕೆ ಇದಕ್ಕಿಂತ ಗಂಭೀರವಾದ ಉತ್ತರವನ್ನು ನಾನು ಕಾಣೆ.

ಕಡಲಿನ ಆಚೆ ದಡದ ಐರ್ಲೆಂಡಿನಲ್ಲಿಯೂ ಇದೇ ನುಡಿಯ ಸೋದರಿಯಾದ ಐರಿಷ್ ಗೇಲಿಕ್ ಉಂಟು. ಕತೆಗಳೂ ಬಹಳ ಮಟ್ಟಿಗೆ ಒಂದೇ. ಅಲ್ಲಿನ ವಿದ್ವಾಂಸರಾದ ಡೆಲಾರ್ಗಿಯವರು 1923ರಲ್ಲಿ ಕೆರ್ರಿ ಸೀಮೆಯ ಕಡಲಂಚಿನ ಒಂದು ಹಳ್ಳಿಯಲ್ಲಿ ಷಾನ್ ಓ ಕೊನಲ್ ಎಂಬ ವೃದ್ಧ ರೈತರನ್ನು ಕಂಡರು. ಇವರಿಗೆ ಓದುಬರಹ ಬಾರದು, ಇಂಗ್ಲಿಷೂ ಬಾರದು, ಕತೆಗಳೋ ಅಪಾರ. ಆದರೆ ಕೇಳುವವರು ಇಲ್ಲದಂತಾಗಿದ್ದರು. ಮರೆತುಹೋದೀತೆಂಬ ಭಯದಿಂದ ಈ ಮುದುಕರು ಒಂಟಿಯಾಗಿರುವಾಗ ತಮಗೆ ತಾವೇ ಕತೆ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ಜಗಲಿಯ ಮೇಲೆ ಹತ್ತು ಜನ ಕೂಡಿದಾಗ ಮಾತ್ರ ಬಾಯಿಬಿಡುವ ಕಲೆ, ಕೊನೆಗೆ ಹೊಲದ ದಾರಿಯಲ್ಲಿ ಯಾರೂ ಕೇಳದಂತೆ ನಡೆಯಬೇಕಾಯಿತು! ಹೇಳುವವನು ಸಾಯುವುದಕ್ಕೆ ಮುಂಚೆಯೇ ಕೇಳುವವನು ಸತ್ತಿರುತ್ತಾನೆ. ಬಾಯಿಮಾತಿನ ಸಾಹಿತ್ಯ ಅಳಿಯುವ ಕ್ರಮ ಇದು.

ಡೆಲಾರ್ಗಿಯವರ ಪ್ರಯತ್ನದಿಂದ 1935ರಲ್ಲಿ ಐರಿಷ್ ಜಾನಪದ ಆಯೋಗವು ಸ್ಥಾಪಿತವಾಯಿತು. ಅದರ ಸಂಗ್ರಾಹಕರಿಗೆ ಎಡಿಫೋನ್ ಎಂಬ ಯಂತ್ರವನ್ನು ಕೊಟ್ಟಿದ್ದರು. ಮೇಣದ ಉರುಳೆಯೊಂದು ತಿರುಗುತ್ತಿರುವಾಗ ಕತೆಗಾರನು ಕೊಳವೆಯಲ್ಲಿ ಮಾತಾಡುತ್ತಾನೆ. ಸೂಜಿ ಆ ದನಿಯನ್ನು ಮೇಣದಲ್ಲಿ ಕೊರೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಉರುಳೆ ತುಂಬುತ್ತದೆ. ವೀರನು ಕತ್ತಿ ಎತ್ತಿದಲ್ಲಿಗೇ ಕತೆಯನ್ನು ನಿಲ್ಲಿಸಿ ಇನ್ನೊಂದು ಉರುಳೆಯನ್ನು ಹಾಕಬೇಕು. ಸಂಗ್ರಾಹಕನು ಮನೆಗೆ ಹೋಗಿ ಅದನ್ನು ಮತ್ತೆ ಮತ್ತೆ ಕೇಳಿ ಅಕ್ಷರಶಃ ಬರೆದುಕೊಳ್ಳುತ್ತಿದ್ದನು. ಆಮೇಲೆ? ಆಯೋಗದಲ್ಲಿ ಹಣ ಕಡಮೆ. ಮೇಣವನ್ನು ಹೆರೆದು ನುಣುಪುಮಾಡಿ ಅದರ ಮೇಲೆಯೇ ಬೇರೊಬ್ಬರ ಕತೆಯನ್ನು ಹಿಡಿಯುತ್ತಿದ್ದರು. ಹೀಗೆ ಮಾತುಗಳು ಉಳಿದುವು, ದನಿಗಳು ಬಹುಪಾಲು ಹೋದುವು. ಬಡತನದಲ್ಲಿ ಎರಡನ್ನೂ ಉಳಿಸಲಾಗದಿದ್ದರೆ ಮಾತನ್ನು ಆರಿಸಿದ್ದು ತಪ್ಪೆಂದು ಹೇಳಲಾರೆ. ಆದರೂ ಆ ಹೆರೆದ ಮೇಣದ ಪುಡಿಯನ್ನು ನೆನೆದರೆ ಮನಸ್ಸು ಮರುಗುತ್ತದೆ.

ಇದೇ ಆಯೋಗವು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾಲಮ್ ಮೆಕ್ಲೀನ್ ಎಂಬವರನ್ನು ಹೆಬ್ರಿಡೀಸಿಗೆ ಕಳುಹಿಸಿತು. 1915ರಲ್ಲಿ ರಾಸೇ ದ್ವೀಪದಲ್ಲಿ ಜನಿಸಿದ ಇವರಿಗೆ ಗೇಲಿಕ್ ಮಾತೃಭಾಷೆ. ಕವಿ ಸಾರ್ಲಿ ಮೆಕ್ಲೀನರು ಇವರ ಅಣ್ಣ. 1951ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಅಧ್ಯಯನ ಶಾಲೆ ಆರಂಭವಾದಾಗ ಅದರ ಮೊದಲ ಸಂಗ್ರಾಹಕರಾದರು. ಮೆಕ್ಲೀನರು ವಿದ್ವಾಂಸನ ಠೀವಿಯಿಂದ ಹೋದವರಲ್ಲ; ಕೇಲಿಗೆ ಬಂದ ನೆರೆಯವನಂತೆ ಹೋಗಿ ಒಲೆಯ ಬಳಿ ಕುಳಿತು, ರಾತ್ರಿಗಟ್ಟಲೆ ಕಾದವರು. ಕೇಳುವವನು ಮತ್ತೆ ಬಂದನೆಂದು ತಿಳಿದೊಡನೆ, ವರ್ಷಗಳಿಂದ ಬಾಯಿ ಮುಚ್ಚಿಕೊಂಡಿದ್ದ ಮುದುಕರ ನೆನಪು ತೆರೆಯಿತು. 1957ರಲ್ಲಿ ಅರ್ಬುದರೋಗದಿಂದ ಅವರ ಎಡತೋಳನ್ನೇ ತೆಗೆಯಬೇಕಾಯಿತು. ಉಳಿದ ಒಂದೇ ಕೈಯಿಂದ ಯಂತ್ರವನ್ನು ನಡೆಸುತ್ತ ಸಂಗ್ರಹಕಾರ್ಯವನ್ನು ಮುಂದುವರಿಸಿ, 1960ರಲ್ಲಿ ದಕ್ಷಿಣ ಯೂಯಿಸ್ಟಿನಲ್ಲಿಯೇ ತೀರಿಕೊಂಡರು.

ಅವರು ಕೇಳಿದವರಲ್ಲಿ ದಕ್ಷಿಣ ಯೂಯಿಸ್ಟಿನ ಡಂಕನ್ ಮೆಕ್‌ಡೊನಾಲ್ಡರು ಅಗ್ರಗಣ್ಯರು. ಇವರ ಒಂದು ದೀರ್ಘ ವೀರಕಥೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಸಂಗ್ರಾಹಕರು ಬರೆದುಕೊಂಡರು. ಪಾಠಗಳನ್ನು ಹೋಲಿಸಿ ನೋಡಿದರೆ, ಬಹುತೇಕ ಮಾತಿಗೆ ಮಾತು ಒಂದೇ! ನೆನಪಿಗೆ ಒಂದು ಊರೆಗೋಲಿತ್ತು ನಿಜ: ವೀರನು ಆಯುಧ ತೊಡುವಾಗ, ಹಡಗನ್ನು ನೀರಿಗೆ ನೂಕುವಾಗ ಬರುವ ಪ್ರಾಸಬದ್ಧವಾದ ಸಿದ್ಧವರ್ಣನೆಗಳು. ಕತೆಗಾರನು ಅವನ್ನು ಒಂದೇ ಉಸಿರಿನಲ್ಲಿ ಎಂಬಂತೆ ಹರಿಯಬಿಡುತ್ತಾನೆ. ಅವುಗಳಲ್ಲಿ ಹೇಳುವವನಿಗೇ ಅರ್ಥವಾಗದ ಹಳೆಯ ಶಬ್ದಗಳು ಬರುವುದುಂಟು. ಆದರೂ ಅವನು ಅವುಗಳನ್ನು ಬಿಡುವುದಿಲ್ಲ, ಬದಲಿಸುವುದಿಲ್ಲ. ಜಾನ್ಸನ್ನರು ಕೇಳಿದ ಹಸ್ತಪ್ರತಿಯಲ್ಲಿ ಲಿಪಿಕಾರನ ಕೈ ಇದಕ್ಕಿಂತ ಹೆಚ್ಚು ಎಚ್ಚರದಿಂದಿರುತ್ತಿತ್ತೆಂದು ಹೇಳುವಂತಿಲ್ಲ. ಡಂಕನ್ನರ ಮಗ ಡೊನಾಲ್ಡ್ ಜಾನ್, ತಾವೇ ಕವಿಗಳು, ತಂದೆಯ ಕತೆಗಳನ್ನು ಕುಳಿತು ಬರೆದುಕೊಂಡರು. ತಂದೆಯವರು 1954ರಲ್ಲಿ ಗತಿಸಿದರು.

ಅಷ್ಟು ಹೊತ್ತಿಗೆ ಮೇಣದ ಉರುಳೆಯ ಕಾಲ ಹೋಗಿ ಧ್ವನಿಸುರುಳಿ ಬಂದಿತ್ತು. ದನಿಯನ್ನು ಹೆರೆದು ಅಳಿಸುವ ಅಗತ್ಯ ತಪ್ಪಿತು. ಎಡಿನ್‌ಬರೋದ ಆ ಸುರುಳಿಗಳನ್ನೂ, ಕ್ಯಾನಾ ದ್ವೀಪದಲ್ಲಿ ಜಾನ್ ಲಾರ್ನ್ ಕ್ಯಾಂಬೆಲ್ಲರು ಸಂಗ್ರಹಿಸಿಟ್ಟ ಧ್ವನಿಮುದ್ರಣಗಳನ್ನೂ 2010ರಿಂದ ಅಂತರಜಾಲದಲ್ಲಿ ಯಾರು ಬೇಕಾದರೂ ಕೇಳುವಂತೆ ಇಟ್ಟಿದ್ದಾರೆ. 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡುವವರು ಸುಮಾರು 57,000 ಮಂದಿ ಇದ್ದರು. ಭಾಷೆ ತಿಳಿಯದಿದ್ದರೂ ಒಮ್ಮೆ ಕೇಳಿ ನೋಡಬಹುದು. ಸಿದ್ಧವರ್ಣನೆ ಬಂದ ಕೂಡಲೆ ಕತೆಗಾರರ ದನಿ ವೇಗವನ್ನು ತಾಳುವುದು ನಮಗೂ ಗೊತ್ತಾಗುತ್ತದೆ.