ನೆಲ ಹಾಸುವ ಕಸಬು

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೊಡನೆ ನೆಲವನ್ನು ನೋಡುತ್ತಾರೆ. “ಕನ್ನಡಿಯ ಹಾಗಿದೆಯಲ್ಲ!” ಎನ್ನುತ್ತಾರೆ. ಅದನ್ನು ಹಾಸಿದವನು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಆರು ತಿಂಗಳು ಕಳೆದು ಬಚ್ಚಲಲ್ಲಿ ನೀರು ನಿಂತಾಗಲೋ, ಕಾಲಡಿಯ ಟೈಲ್ಸೊಂದು ಅಲುಗಾಡಿದಾಗಲೋ ಕೇಳುತ್ತಾರೆ. ನಮ್ಮ ಕಸಬಿನವರ ಹೆಸರು ಮನೆಯವರ ಬಾಯಲ್ಲಿ ಬರುವುದು ಹೆಚ್ಚಾಗಿ ಆಗಲೇ. ಈ ಕಸಬನ್ನು ಕಲಿತು ಸ್ವಂತವಾಗಿ ಕೆಲಸ ಹಿಡಿಯಬೇಕೆಂದಿರುವ ತರುಣ ಮಿತ್ರರಿಗೆ ನನ್ನ ಅನುಭವದ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಂಚು ಎಂದರೆ ನಮ್ಮಲ್ಲಿ ಸೂರಿನ ಹಂಚು. ನೆಲಕ್ಕೆ ಹಾಕುವುದನ್ನು ಎಲ್ಲರೂ ಟೈಲ್ಸ್ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಹಿಂದೆ ಮೈಸೂರು ಸೀಮೆಯ ಮನೆಗಳಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದ ಕೆಂಪು ನೆಲವಿತ್ತು. ಕಲಬುರಗಿಯ ಕಡೆ ಶಹಾಬಾದಿನ ಕಲ್ಲು ಇತ್ತು. ಆಮೇಲೆ ಮೊಸಾಯಿಕ್ ಬಂತು. ಇಂದು ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಟೈಲ್ಸ್ ಬರುತ್ತಿವೆ. ಸಾಮಾನು ಬದಲಾಯಿತು. ಆದರೆ ರಸಮಟ್ಟ, ಮೂಲೆಮಟ್ಟ, ದಾರ ಮತ್ತು ತಾಳ್ಮೆ, ಈ ನಾಲ್ಕು ಬದಲಾಗಲಿಲ್ಲ.

ನಾನು ಮೇಸ್ತ್ರಿಯೊಬ್ಬರ ಕೈಕೆಳಗೆ ಐದು ವರ್ಷ ದುಡಿದೆ. ಮೊದಲನೆಯ ವರ್ಷ ಗಾರೆ ಕಲಸುವುದು, ಟೈಲ್ಸ್ ಹೊರುವುದು, ಇಷ್ಟೇ. ಆಗ ಬೇಸರವಾಗುತ್ತಿತ್ತು. ಆದರೆ ಗಾರೆಗೆ ಎಷ್ಟು ನೀರು ಸಾಕು ಎಂಬುದು ಕೈಗೆ ತಿಳಿದದ್ದು ಆ ವರ್ಷವೇ. 2003ರಲ್ಲಿ ಸ್ವಂತವಾಗಿ ಮೊದಲನೆಯ ಕೆಲಸ ಹಿಡಿದೆ. ನಿವೃತ್ತ ಮೇಷ್ಟ್ರೊಬ್ಬರ ಮನೆಯ ಬಚ್ಚಲು. ರಸಮಟ್ಟ ಇಟ್ಟು ನೋಡಿ, ಗುಳ್ಳೆ ನಡುವೆ ನಿಲ್ಲುವಂತೆ ನೆಲವನ್ನೆಲ್ಲ ಸಮವಾಗಿ ಹಾಸಿದೆ. ಹೆಮ್ಮೆಯೋ ಹೆಮ್ಮೆ! ಮರುದಿನ ಮೇಷ್ಟ್ರು ಒಂದು ಬಕೀಟು ನೀರು ಸುರಿದರು. ನೀರು ಮೋರಿಯ ಕಡೆಗೆ ಹೋಗದೆ ಅಲ್ಲಲ್ಲೇ ನಿಂತಿತು. ಸ್ವಲ್ಪ ಬಾಗಿಲ ಕಡೆಗೂ ಹರಿಯಿತು. ಅವರು ಕೂಗಾಡಲಿಲ್ಲ. “ನೆಲ ಅಂದವಾಗಿದೆಯಪ್ಪ. ಆದರೆ ಇದರಲ್ಲಿ ಸ್ನಾನ ಮಾಡುವುದು ಹೇಗೆ?” ಎಂದರು.

ಅಷ್ಟನ್ನೂ ಕಿತ್ತೆ. ಹೊಸ ಟೈಲ್ಸ್ ನನ್ನ ದುಡ್ಡಿನಲ್ಲೇ ತಂದೆ. ಆ ಕೆಲಸದಲ್ಲಿ ಬಂದದ್ದೆಲ್ಲ ಹೋಗಿ, ಕೈಯಿಂದಲೂ ಖರ್ಚಾಯಿತು. ಮೇಸ್ತ್ರಿಗೆ ಹೇಳಿದಾಗ ಅವರು ನಕ್ಕು, “ಟೈಲ್ಸ್ ಹಾಕೋಕ್ಕೆ ಮುಂಚೇನೇ ನೀರು ಹುಯ್ದು ನೋಡಿದ್ದರೆ ಆಗ್ತಿತ್ತಲ್ಲೋ!” ಎಂದರು. ಅಂದಿನಿಂದ ಬಚ್ಚಲಿನಲ್ಲಿ ಒಂದು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಮೋರಿಯ ಕಡೆಗೆ ಇಳಿಜಾರು ಕೊಡುತ್ತೇನೆ. ಕೆಳಗಿನ ಗಾರೆಯ ಹಾಸು ಗಟ್ಟಿಯಾದ ಮೇಲೆ ನೀರು ಸುರಿದು ನೋಡಿಯೇ ಮುಂದಿನ ಕೆಲಸ. ಮುಂದಿನ ವರ್ಷ ಅದೇ ಮೇಷ್ಟ್ರು ತಮ್ಮನ ಮನೆಯ ನೆಲವನ್ನು ನನಗೇ ಕೊಡಿಸಿದರು. ತಪ್ಪು ಮಾಡಿದವನಿಗೆ ಕೆಲಸ ಕೊಡಿಸಿದ್ದೇಕೆ ಎಂದು ಕೇಳಿದೆ. “ಕಿತ್ತು ಹಾಕಿಕೊಟ್ಟೆಯಲ್ಲ, ಅದಕ್ಕೆ” ಎಂದರು.

ಈಗ ಲೆಕ್ಕದ ಮಾತು. ಹತ್ತಡಿಗೆ ಹನ್ನೆರಡಡಿಯ ಕೋಣೆ ಎಂದಿಟ್ಟುಕೊಳ್ಳಿ. ನೆಲ 120 ಚದರಡಿ. ಗೋಡೆಯ ಬುಡದ ಪಟ್ಟಿ ಮೂರಂಗುಲವೆಂದರೂ ಸುಮಾರು 10 ಚದರಡಿ. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನೂರಕ್ಕೆ ಐದು ಸೇರಿಸಿದರೆ ಸುಮಾರು 136 ಚದರಡಿಯಾಯಿತು. ಎರಡಡಿಯ ಟೈಲ್ಸು ನಾಲ್ಕಿರುವ ಪೆಟ್ಟಿಗೆ ಸುಮಾರು ಹದಿನೈದೂವರೆ ಚದರಡಿಗೆ ಬರುತ್ತದೆ. ಹಾಗಾದರೆ 9 ಪೆಟ್ಟಿಗೆ ಬೇಕು. ನೆಲವನ್ನು ಮಾತ್ರ ಎಣಿಸಿ 8 ತರಿಸಿದಿರೋ, ಕೊನೆಯ ಮೂಲೆಗೆ ಬರುವಾಗ ಸಾಲದು. ಅಂಗಡಿಗೆ ಓಡಿ ತಂದ ಪೆಟ್ಟಿಗೆ ಬೇರೆ ತಯಾರಿಯದಾದರೆ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದೀತು. ಅದು ದಿನವೂ ಯಜಮಾನರ ಕಣ್ಣಿಗೆ ಚುಚ್ಚುತ್ತದೆ. ಪೆಟ್ಟಿಗೆಯ ಮೇಲಿನ ಬಣ್ಣದ ಗುರುತನ್ನೂ ತಯಾರಿಯ ಗುರುತನ್ನೂ ಮೊದಲೇ ಹೋಲಿಸಿ ನೋಡಿ.

ಇನ್ನೊಂದು ಮೋಸವಿದೆ. ಎರಡಡಿ ಎಂದು ಕರೆಯುವ ಟೈಲ್ಸು ನಿಜವಾಗಿ 600 ಮಿಲಿಮೀಟರು. ಹತ್ತಡಿ ಎಂದರೆ 3048 ಮಿಲಿಮೀಟರು. ಗೋಡೆಯಿಂದ ಸಾಲಾಗಿ ಐದು ಇಟ್ಟುಕೊಂಡು ಹೋದರೆ ಕೊನೆಗೆ ನಾಲ್ಕು ಸೆಂಟಿಮೀಟರಿನ ಸೀಳೊಂದು ಉಳಿಯುತ್ತದೆ. ನಡುವಿನಿಂದ ಅಳೆದು ನಾಲ್ಕು ಇಡಿಯಾಗಿ ಇಟ್ಟರೆ ಎರಡು ಬದಿಯಲ್ಲೂ ಸುಮಾರು 32 ಸೆಂಟಿಮೀಟರಿನ ತುಂಡು ಸಮನಾಗಿ ಬರುತ್ತದೆ. ಆದುದರಿಂದ ಗಾರೆ ಕಲಸುವ ಮೊದಲು ಒಣ ಟೈಲ್ಸನ್ನೇ ಒಂದು ಸಾಲು ಜೋಡಿಸಿ ನೋಡಬೇಕು.

ಕಣ್ಣಿಗೆ ಕಾಣದ ಕೆಲಸವೇ ನಮ್ಮ ಕಸಬಿನ ಜೀವ. ಸಾಧಾರಣ ಸೆರಾಮಿಕ್ ಟೈಲ್ಸು ನೀರು ಹೀರುತ್ತದೆ. ಗಾರೆಯಲ್ಲಿ ಕೂಡಿಸುವ ಮೊದಲು ಅದನ್ನು ನೀರಿನಲ್ಲಿ ನೆನೆಸಬೇಕು. ವಿಟ್ರಿಫೈಡ್ ಟೈಲ್ಸು ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ಹೀರುವುದಿಲ್ಲ. ಅದಕ್ಕೆ ಬರಿಯ ಸಿಮೆಂಟಿಗಿಂತ ಅಂಟು ಗಾರೆ ಮೇಲು. ಆ ಅಂಟನ್ನು ಐದು ಕಡೆ ಗುಡ್ಡೆಯಿಟ್ಟು ಒತ್ತಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಯಾರಿಗೂ ಕಾಣುವುದೂ ಇಲ್ಲ. ಆದರೆ ಗುಡ್ಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ಕಬ್ಬಿಣದ ಮಂಚದ ಕಾಲು ಅಲ್ಲಿ ಊರಿದ ದಿನ ಟೈಲ್ಸು ಬಿರಿಯುತ್ತದೆ. ಹಲ್ಲಿನ ಕರಣೆಯಿಂದ ಅಂಟನ್ನು ಪೂರ್ತಿ ಎಳೆಯಿರಿ. ಗಟ್ಟಿಯಾದ ಮೇಲೆ ಒಂದೊಂದನ್ನೂ ತಟ್ಟಿ ಕೇಳಿ. ಟೊಳ್ಳಿನ ಶಬ್ದವನ್ನು ಕಿವಿಯೇ ಹೇಳುತ್ತದೆ.

ಸ್ವಂತ ಕೆಲಸಕ್ಕೆ ಇಳಿದವನಿಗೆ ಕರಣೆಯಷ್ಟೇ ಪುಸ್ತಕವೂ ಮುಖ್ಯ. ಚದರಡಿಗೆ ಕೂಲಿ ಎಷ್ಟು, ಬುಡದ ಪಟ್ಟಿಗೂ ಮೆಟ್ಟಿಲಿಗೂ ಬೇರೆ ಎಷ್ಟು, ಹಳೆಯ ನೆಲ ಕೀಳುವುದು ಯಾರ ಖರ್ಚು, ಟೈಲ್ಸನ್ನು ಮಹಡಿಗೆ ಹೊರಿಸುವುದು ಯಾರು, ಇಷ್ಟನ್ನೂ ಬರೆದು ಕೊಟ್ಟೇ ಮುಂಗಡ ತೆಗೆದುಕೊಳ್ಳಿ. ದರ ಕಟ್ಟುವಾಗ ಸಹಾಯಕನ ಕೂಲಿ, ಬ್ಲೇಡು, ಓಡಾಟ, ಕೆಲಸವಿಲ್ಲದ ದಿನ, ಎಲ್ಲವನ್ನೂ ಎಣಿಸಿ. ಆಷಾಢದಲ್ಲಿ ಗೃಹಪ್ರವೇಶಗಳಿರುವುದಿಲ್ಲ, ಅದರ ಮುಂಚೆ ಎಲ್ಲರಿಗೂ ಅವಸರ. ಮುಹೂರ್ತ ಹತ್ತಿರ ಬಂತೆಂದು ಹಸಿ ನೆಲದ ಮೇಲೆ ಬೀರು ಎಳೆಯಲು ಮಾತ್ರ ಒಪ್ಪಬೇಡಿ. ಆಗ ಬೇಡವೆನ್ನದೆ ಇದ್ದರೆ ಆಮೇಲೆ ತಪ್ಪು ನಿಮ್ಮದೇ ಆಗುತ್ತದೆ.

ನಾವು ಹೊರಟ ಕಾಲಕ್ಕಿಂತ ಇಂದು ಆಸರೆ ಹೆಚ್ಚು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಸ್ವ ಉದ್ಯೋಗದ ತರಬೇತಿ ಕೇಂದ್ರಗಳನ್ನು ತೆರೆದಿವೆ. ಊಟ ವಸತಿಯೊಡನೆ ಉಚಿತ ತರಬೇತಿ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಗಾರೆ ಕೆಲಸವೂ ಒಂದು. ಸಲಕರಣೆಗೆ 15,000 ರೂಪಾಯಿಯ ನೆರವು, ನೂರಕ್ಕೆ ಐದರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷದವರೆಗೆ ಸಾಲ ಇವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವುದನ್ನು ಮರೆಯಬೇಡಿ. 18ರಿಂದ 60ರ ವಯಸ್ಸಿನೊಳಗಿದ್ದು, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು.

ಮೈಯ ಮಾತನ್ನೂ ಹೇಳಿಬಿಡುತ್ತೇನೆ. ಟೈಲ್ಸ್ ಕೊಯ್ಯುವಾಗ ಏಳುವ ಬಿಳಿಯ ಧೂಳು ಶ್ವಾಸಕೋಶದಲ್ಲಿ ಸೇರಿದರೆ ಹೊರಗೆ ಬರುವುದಿಲ್ಲ. ನೀರು ಬಿಟ್ಟು ಕೊಯ್ಯಿರಿ, ಧೂಳು ತಡೆಯುವ ಮುಖಕವಚ ಹಾಕಿಕೊಳ್ಳಿ, ಮೊಣಕಾಲಿಗೆ ಮೆತ್ತೆ ಕಟ್ಟಿಕೊಳ್ಳಿ. ಇಪ್ಪತ್ತರ ವಯಸ್ಸಿನಲ್ಲಿ ಇದು ನಗೆಪಾಟಲಾಗಿ ಕಾಣುತ್ತದೆ. ನನ್ನ ಮೊಣಕಾಲು ಈಗ ಬೇರೆಯೇ ಹೇಳುತ್ತದೆ.

ನಿಮ್ಮ ಮೊದಲನೆಯ ಕೆಲಸ ಚಿಕ್ಕದೊಂದು ಬಚ್ಚಲೇ ಆಗಿರಲಿ. ಮುಗಿದ ಮೇಲೆ ಮನೆಯವರನ್ನು ಕರೆದು, ಅವರ ಎದುರಿಗೇ ಒಂದು ಬಕೀಟು ನೀರು ಸುರಿಯಿರಿ. ನೀರೆಲ್ಲ ಮೋರಿಗೆ ಹೋಗಿ ನೆಲ ಬರಿದಾದ ಮೇಲೆ ಉಳಿದ ಹಣ ಕೇಳಿ.