ಕೂರುವ ಬಗೆ, ಕಾಣುವ ಕಣ್ಣು



ಇವತ್ತು ಕಣ್ಣಿನ ಬಗ್ಗೆ ನಾಲ್ಕು ಮಾತು ಹೇಳೋಣ ಅಂತ ನಾವು ಬಂದಿದ್ದೇವೆ. ಕಣ್ಣಿನ ಜೊತೆಗೆ ಬೆನ್ನು, ಕುತ್ತಿಗೆಯ ಮಾತೂ ಬರುತ್ತದೆ. ಕಣ್ಣಿಗೂ ಬೆನ್ನಿಗೂ ಏನು ಸಂಬಂಧ ಅಂತ ಕೇಳ್ತೀರಾ? ಸಂಬಂಧ ಇದೆ. ಎಷ್ಟು ಇದೆ, ಎಷ್ಟು ಇಲ್ಲ, ಎರಡನ್ನೂ ತಿಳಿಯೋಣ.

ಕಲಿಕಾ ಕೇಂದ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. "ನಮಗೆ ಅಕ್ಷರ ಹತ್ತೋದಿಲ್ಲ. ತಲೆಗೆ ಹೋಗೋದಿಲ್ಲ. ವಯಸ್ಸಾಯ್ತು ಬಿಡಿ." ಹೀಗೆ ಹೇಳಿ ಪಾಠ ಬಿಡುವವರಲ್ಲಿ ನಲವತ್ತು ದಾಟಿದವರು ಹಲವರು. ಅವರನ್ನು ಸ್ವಲ್ಪ ವಿಚಾರಿಸಿ ನೋಡಿ. ಕರಿಹಲಗೆಯ ಮೇಲಿನ ದೊಡ್ಡ ಅಕ್ಷರ ಓದುತ್ತಾರೆ. ಬಸ್ಸಿನ ಬೋರ್ಡು ಓದುತ್ತಾರೆ. ಕೈಯಲ್ಲಿರುವ ಪುಸ್ತಕದ ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಹಾಗಾದರೆ ತೊಂದರೆ ಎಲ್ಲಿದೆ? ತಲೆಯಲ್ಲಿ ಅಲ್ಲ, ಕಣ್ಣಿನಲ್ಲಿ. ಬೈಗುಳ ಮಾತ್ರ ತಲೆಗೆ!

ಕಣ್ಣಿನ ಒಳಗೆ ಏನಾಗ್ತದೆ?

ನಮ್ಮ ಕಣ್ಣಿನೊಳಗೆ ಒಂದು ಸಣ್ಣ ಮಸೂರ ಇದೆ. ಅದು ಗಾಜಿನ ಹಾಗೆ ತಿಳಿಯಾಗಿರುತ್ತದೆ. ದೂರದ ಗುಡ್ಡ ನೋಡುವಾಗ ಅದು ತೆಳ್ಳಗಾಗುತ್ತದೆ. ಹತ್ತಿರದ ಸೂಜಿ ನೋಡುವಾಗ ದಪ್ಪಗಾಗುತ್ತದೆ. ಅದರ ಸುತ್ತ ಸಣ್ಣ ಸ್ನಾಯು ಇದೆ. ಹತ್ತಿರ ನೋಡುವಾಗ ಆ ಸ್ನಾಯು ಬಿಗಿಯಾಗುತ್ತದೆ. ದೂರ ನೋಡುವಾಗ ಸಡಿಲವಾಗುತ್ತದೆ.

ನಿಮ್ಮ ಕೈಯನ್ನು ಮುಷ್ಟಿ ಮಾಡಿ. ಬಿಗಿಯಾಗಿ ಹಿಡಿದುಕೊಳ್ಳಿ. ಒಂದು ಗಂಟೆ ಹಾಗೇ ಇಡಿ ಅಂದರೆ ಇಡ್ತೀರಾ? ಕೈ ಸೋತುಹೋಗ್ತದೆ. ಗಂಟೆಗಟ್ಟಲೆ ಹತ್ತಿರದ ಕೆಲಸ ಮಾಡುವ ಕಣ್ಣೂ ಹಾಗೇ ಸೋಲುತ್ತದೆ.

ಚಿಕ್ಕ ವಯಸ್ಸಿನಲ್ಲಿ ಈ ಮಸೂರ ಎಳನೀರಿನ ಗಂಜಿಯ ಹಾಗೆ ಮೆತ್ತಗಿರುತ್ತದೆ. ಬೇಕಾದ ಹಾಗೆ ಬಾಗುತ್ತದೆ. ವಯಸ್ಸು ಹೋದ ಹಾಗೆ ಗಂಜಿ ಬಲಿತು ಕಾಯಿ ಆಗುವುದಿಲ್ಲವೇ? ಮಸೂರವೂ ಹಾಗೇ ಗಟ್ಟಿಯಾಗುತ್ತದೆ. ನಲವತ್ತರ ಸುಮಾರಿಗೆ ಹತ್ತಿರದ್ದು ಮಸುಕಾಗಲು ಶುರುವಾಗುತ್ತದೆ. ಇದು ರೋಗವಲ್ಲ. ಕೂದಲು ನರೆಯುವ ಹಾಗೆ, ಎಲ್ಲರಿಗೂ ಬರುವುದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಹಲವು ಕಡೆ ಕನ್ನಡಕಕ್ಕೆ ಚಾಳೀಸು ಅಂತಾರೆ. ಚಾಳೀಸ್ ಎಂದರೆ ಹಿಂದಿ, ಉರ್ದುವಿನಲ್ಲಿ ನಲವತ್ತು. ನಲವತ್ತಕ್ಕೆ ಬೇಕಾಗುವುದು ಚಾಳೀಸು!

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೀತೀರಾ? ಅಕ್ಕಿಯ ಕಲ್ಲು ಕಾಣದೆ ಹಲ್ಲಿಗೆ ಸಿಗ್ತದಾ? ಪುಸ್ತಕವನ್ನು ದೂರ ದೂರ ಹಿಡೀತೀರಾ? ಹೌದು ಅಂದರೆ ಕಣ್ಣು ತೋರಿಸುವ ಕಾಲ ಬಂದಿದೆ ಅಂತ ಅರ್ಥ.

ಬೆನ್ನು ಬಾಗಿದರೆ ಏನಾಗ್ತದೆ?

ನಾವು ಹೆಂಗಸರು ಮಾಡುವ ಎಷ್ಟೋ ಕೆಲಸ ಬಗ್ಗಿ ಮಾಡುವ ಕೆಲಸ. ಮಂಗಳೂರು, ಉಡುಪಿ ಕಡೆ ಬೀಡಿ ಕಟ್ಟುತ್ತೇವೆ. ಧಾರವಾಡದ ಕಡೆ ಕಸೂತಿ ಹಾಕುತ್ತೇವೆ. ಸಂಡೂರಿನ ಲಂಬಾಣಿ ಅಕ್ಕಂದಿರು ಬಟ್ಟೆಗೆ ಕನ್ನಡಿ ಕೂರಿಸಿ ಹೊಲಿಯುತ್ತಾರೆ. ಮೈಸೂರು, ಬೆಂಗಳೂರಿನಲ್ಲಿ ಊದುಬತ್ತಿ ಹೊಸೆಯುತ್ತೇವೆ. ಹೂ ಕಟ್ಟುತ್ತೇವೆ. ಈಗ ಮೊಬೈಲೂ ಬಂದಿದೆ. ಅದನ್ನೂ ಬಗ್ಗಿಯೇ ನೋಡ್ತೀವಿ.

ತಲೆಯ ತೂಕ ಎಷ್ಟು ಗೊತ್ತಾ? ಸುಮಾರು 4ರಿಂದ 5 ಕಿಲೋ. ನೆಟ್ಟಗೆ ಕೂತರೆ ಆ ಭಾರ ಬೆನ್ನೆಲುಬಿನ ಮೇಲೆ ನೇರವಾಗಿ ಕೂರುತ್ತದೆ. ತಲೆ ಮುಂದಕ್ಕೆ ಬಾಗಿದರೆ ಕುತ್ತಿಗೆಯ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬರ್ತೀರಿ. ಅದನ್ನೇ ಕೈ ಚಾಚಿ ಹಿಡಿದು ಬನ್ನಿ ನೋಡೋಣ! ಬಾಗಿದ ಕುತ್ತಿಗೆಯ ಪಾಡೂ ಅದೇ. ಕುತ್ತಿಗೆ ಹಿಡಿಯುತ್ತದೆ. ಆ ನೋವು ತಲೆಗೆ ಏರುತ್ತದೆ. ಕಣ್ಣಿನ ಹಿಂದೆ ನೋವು ಅನ್ನಿಸುತ್ತದೆ.

ಬಾಗಿದಾಗ ಇನ್ನೊಂದು ಆಗುತ್ತದೆ. ಕಣ್ಣು ಕೆಲಸಕ್ಕೆ ತೀರಾ ಹತ್ತಿರ ಬರುತ್ತದೆ. ಹತ್ತಿರ ಬಂದಷ್ಟೂ ಒಳಗಿನ ಸ್ನಾಯು ಹೆಚ್ಚು ಬಿಗಿಯಬೇಕು. ಜೊತೆಗೆ, ಎವೆ ಬಡಿಯುವುದನ್ನು ಮರೆಯುತ್ತೇವೆ. ಸುಮ್ಮನೆ ಇರುವಾಗ ನಿಮಿಷಕ್ಕೆ ಸುಮಾರು 15 ಸಲ ಎವೆ ಬಡಿಯುತ್ತೇವೆ. ಓದುವಾಗ ಅದು ಬಹಳ ಕಡಿಮೆಯಾಗುತ್ತದೆ. ಆಗ ಕಣ್ಣು ಒಣಗುತ್ತದೆ. ಉರಿ ಬರುತ್ತದೆ. ಮರಳು ಬಿದ್ದ ಹಾಗೆ ಚುಚ್ಚುತ್ತದೆ.

ಹಾಗಾದರೆ ಹೇಗೆ ಕೂರಬೇಕು?

ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಕಣ್ಣನ್ನು ಪುಸ್ತಕದ ಹತ್ತಿರ ಒಯ್ಯಬೇಡಿ. ಪುಸ್ತಕವನ್ನೇ ಮೇಲಕ್ಕೆ ತನ್ನಿ. ಪುರಾಣ ಓದುವವರು ವ್ಯಾಸಪೀಠದ ಮೇಲೆ ಪುಸ್ತಕ ಇಡುವುದನ್ನು ನೋಡಿದ್ದೀರಿ. ಕುರಾನ್ ಓದುವವರು ರೆಹಾಲ್ ಮೇಲೆ ಇಡುತ್ತಾರೆ. ಪುಸ್ತಕಕ್ಕೆ ಗೌರವವೂ ಆಯ್ತು, ಕುತ್ತಿಗೆಗೆ ಸುಖವೂ ಆಯ್ತು. ನಮ್ಮಲ್ಲಿ ಅದು ಇಲ್ಲವೇ? ತೊಡೆಯ ಮೇಲೆ ದಿಂಬು ಇಡಿ. ಇಲ್ಲವೇ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಇಡಿ.

ದೂರ ಎಷ್ಟಿರಬೇಕು? ಅದಕ್ಕೂ ಅಳತೆ ನಮ್ಮ ಕೈಯಲ್ಲೇ ಇದೆ. ಮುಷ್ಟಿಯನ್ನು ಕೆನ್ನೆಗೆ ಇಡಿ. ಮೊಣಕೈಯನ್ನು ಮುಂದಕ್ಕೆ ಚಾಚಿ. ಮೊಣಕೈ ಇರುವ ಜಾಗದಲ್ಲಿ ಪುಸ್ತಕ ಇರಲಿ. ಅದಕ್ಕಿಂತ ಹತ್ತಿರ ಬೇಡ.

ಬೆಳಕು ಪುಸ್ತಕದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಬಲಗೈಯಲ್ಲಿ ಬರೆಯುವವರು ದೀಪವನ್ನು ಎಡಕ್ಕೆ ಇಡಿ. ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ವಯಸ್ಸಾದ ಹಾಗೆ ಬೆಳಕು ಹೆಚ್ಚು ಬೇಕು. ಹಗಲಲ್ಲಿ ಬಾಗಿಲ ಬಳಿ, ಜಗಲಿಯಲ್ಲಿ ಕೂತು ಓದಿ.

ಕೆಲಸದ ನಡುವೆ ಬಿಡುವು ಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ. ಇಪ್ಪತ್ತು ಅಡಿ ದೂರದ ಮರವನ್ನೋ, ಮನೆಯನ್ನೋ ನೋಡಿ. ಮನಸ್ಸಿನಲ್ಲೇ ಒಂದರಿಂದ ಇಪ್ಪತ್ತು ಎಣಿಸಿ. ನಾಲ್ಕಾರು ಸಲ ಎವೆ ಬಡಿಯಿರಿ. ಮತ್ತೆ ಕೆಲಸಕ್ಕೆ ಕೂರಿ. ಬೀಡಿಯ ಲೆಕ್ಕ ಏನೂ ತಪ್ಪಿಹೋಗೋದಿಲ್ಲ.

ಒಲೆಯ ಮುಂದೆಯೂ ಇದೇ ಮಾತು. ಮುಖ ಬಗ್ಗಿಸಿ ಬೆಂಕಿ ಊದಬೇಡಿ. ಊದುಗೊಳವೆ ಇಟ್ಟುಕೊಳ್ಳಿ. ಹೊಗೆ ಕಣ್ಣಿಗೂ ಕೇಡು, ಎದೆಗೂ ಕೇಡು.

ಕನ್ನಡಕ ಬಿಡಿಸ್ತೀವಿ ಅನ್ನುವವರು

ಈಗ ಮುಖ್ಯ ಮಾತು. "ನೆಟ್ಟಗೆ ಕೂತು, ಕಣ್ಣಿನ ವ್ಯಾಯಾಮ ಮಾಡಿದರೆ ಕನ್ನಡಕವೇ ಬೇಡ" ಅಂತ ಹೇಳುವವರು ಇದ್ದಾರೆ. ಇದು ಹಳೆಯ ಮಾತು. ಅಮೆರಿಕದ ನ್ಯೂಯಾರ್ಕಿನಲ್ಲಿ ವಿಲಿಯಂ ಬೇಟ್ಸ್ ಎಂಬ ಕಣ್ಣಿನ ವೈದ್ಯರಿದ್ದರು. 1920ರಲ್ಲಿ ಅವರು ಒಂದು ಪುಸ್ತಕ ಬರೆದರು. ಕಣ್ಣುಗುಡ್ಡೆಯ ಹೊರಗಿನ ಸ್ನಾಯುಗಳ ಬಿಗಿತದಿಂದಲೇ ದೃಷ್ಟಿ ಕೆಡುತ್ತದೆ, ಬಿಗಿತ ಹೋದರೆ ದೃಷ್ಟಿ ಬರುತ್ತದೆ ಎಂದರು. ಅದು ಸರಿಯಲ್ಲ. ಹತ್ತಿರ, ದೂರಕ್ಕೆ ಹೊಂದಿಕೊಳ್ಳುವುದು ಕಣ್ಣಿನ ಒಳಗಿನ ಮಸೂರ. ಗಟ್ಟಿಯಾದ ಮಸೂರವನ್ನು ವ್ಯಾಯಾಮದಿಂದ ಮೆತ್ತಗೆ ಮಾಡಲು ಆಗುವುದಿಲ್ಲ. ಬಲಿತ ಕಾಯಿ ಮತ್ತೆ ಗಂಜಿ ಆಗ್ತದೆಯೇ?

ಅವರು ಹೇಳಿದ್ದರಲ್ಲಿ ಅಂಗೈಯಿಂದ ಕಣ್ಣು ಮುಚ್ಚಿ ಕೂರುವುದೂ ಒಂದು. ಅದನ್ನು ಬೇಕಾದರೆ ಮಾಡಿ. ಕೈ ತೊಳೆದುಕೊಳ್ಳಿ, ಕಣ್ಣು ಒತ್ತಬೇಡಿ. ಸ್ವಲ್ಪ ಹೊತ್ತು ವಿಶ್ರಾಂತಿ ಸಿಗುತ್ತದೆ. ಆದರೆ ಅದರಿಂದ ಕನ್ನಡಕ ಹೋಗುವುದಿಲ್ಲ. ಸೂರ್ಯನನ್ನು ದಿಟ್ಟಿಸಿ ನೋಡಿ ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಲೇಬೇಡಿ. ಕಣ್ಣಿನ ಹಿಂಭಾಗದ ಪರದೆ ಸುಟ್ಟುಹೋಗುತ್ತದೆ. ಸುಟ್ಟಿದ್ದು ಸರಿಹೋಗದೆ ಇರಬಹುದು. ಎಲೆಯ ರಸ, ಎದೆಹಾಲು, ಜೇನು, ಹರಳೆಣ್ಣೆ, ಯಾವುದನ್ನೂ ಕಣ್ಣಿಗೆ ಹಾಕಬೇಡಿ.

ಯೋಗಾಸನ ಒಳ್ಳೆಯದೇ. ಆದರೆ ತಲೆಕೆಳಗಾಗಿ ನಿಲ್ಲುವ ಶೀರ್ಷಾಸನದಲ್ಲಿ ಕಣ್ಣಿನ ಒಳಗಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆ. ಗ್ಲಾಕೋಮಾ ಎಂಬ ಕಾಯಿಲೆ ಇರುವವರಿಗೆ ಅದು ಕೇಡು. ಅಂಥವರು ವೈದ್ಯರನ್ನು ಕೇಳದೆ ಅದನ್ನು ಮಾಡಬಾರದು.

ಹಾಗಾದರೆ ನೆಟ್ಟಗೆ ಕೂತು ಏನು ಲಾಭ? ನೋವು ಕಡಿಮೆ ಆಗುತ್ತದೆ. ಕಣ್ಣಿನ ದಣಿವು ಕಡಿಮೆ ಆಗುತ್ತದೆ. ಹೆಚ್ಚು ಹೊತ್ತು ಓದಬಹುದು. ಇದು ಸಣ್ಣ ಲಾಭವಲ್ಲ. ಆದರೆ ಕನ್ನಡಕದ ಕೆಲಸ ಕನ್ನಡಕವೇ ಮಾಡಬೇಕು.

ಮಕ್ಕಳ ಕಣ್ಣು

ಮಕ್ಕಳ ಕಥೆ ಸ್ವಲ್ಪ ಬೇರೆ. ಅವರ ಕಣ್ಣು ಇನ್ನೂ ಬೆಳೆಯುತ್ತಿರುತ್ತದೆ. ಕಣ್ಣುಗುಡ್ಡೆ ಹೆಚ್ಚು ಉದ್ದ ಬೆಳೆದರೆ ದೂರದ್ದು ಕಾಣುವುದಿಲ್ಲ. ಪುಸ್ತಕ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡುವ ಮಕ್ಕಳಿಗೆ ಈ ತೊಂದರೆ ಹೆಚ್ಚು. ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಕಡಿಮೆ. ಅದಕ್ಕೇ ತೈವಾನ್ ದೇಶದಲ್ಲಿ 2010ರಿಂದ ಶಾಲೆಯ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಶುರು ಮಾಡಿದರು. ನಮ್ಮ ಊರಲ್ಲಿ ಬಯಲಿಗೆ ಏನು ಕಮ್ಮಿ? ಮಕ್ಕಳನ್ನು ಆಡಲು ಬಿಡಿ. ಹೆಣ್ಣುಮಕ್ಕಳನ್ನೂ ಬಿಡಿ.

ಮಗು ಟಿವಿಗೆ ಅಂಟಿ ಕೂರುತ್ತದೆಯೇ? ಕಣ್ಣು ಕಿರಿದು ಮಾಡಿ ನೋಡುತ್ತದೆಯೇ? "ಸರಿಯಾಗಿ ಕೂರು" ಅಂತ ಗದರಿಸಿ ಸುಮ್ಮನಾಗಬೇಡಿ. ದೂರ ಕಾಣದೆ ಹತ್ತಿರ ಹೋಗಿರಬಹುದು. ಕಣ್ಣು ಪರೀಕ್ಷೆ ಮಾಡಿಸಿ. ಕತ್ತಲಾದರೆ ಮಗು ಎಡವುತ್ತದೆಯೇ? ಅದು ಇರುಳುಗಣ್ಣು ಇರಬಹುದು. ಎ ಜೀವಸತ್ವ ಕಡಿಮೆಯಾದರೆ ಹಾಗಾಗುತ್ತದೆ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನುಗ್ಗೆಸೊಪ್ಪು, ದಂಟಿನಸೊಪ್ಪು, ಪರಂಗಿ ಹಣ್ಣು, ಗಜ್ಜರಿ ತಿನ್ನಿಸಿ.

ನಮಗೂ ಒಂದು ಕನ್ನಡಕ

ಮನೆಯಲ್ಲಿ ಗಂಡಸರಿಗೆ ಕನ್ನಡಕ ಬೇಗ ಬರುತ್ತದೆ. ನಮ್ಮ ಸರದಿ ಬರುವುದೇ ಇಲ್ಲ. "ನಿನಗ್ಯಾಕೆ ಚಾಳೀಸು, ನೀನೇನು ಕಚೇರಿಗೆ ಹೋಗ್ಬೇಕಾ?" ಅನ್ನುತ್ತಾರೆ. ಜನ ನಗ್ತಾರೆ ಅಂತ ನಾವೂ ಸುಮ್ಮನಾಗ್ತೀವಿ.

ಅಸ್ಸಾಮಿನ ಚಹಾ ತೋಟದ ಕೂಲಿಗಳ ವಿಷಯ ಕೇಳಿ. ಅಲ್ಲಿ ನಲವತ್ತು ಮತ್ತು ಅದಕ್ಕೆ ಮೇಲ್ಪಟ್ಟ 751 ಜನರನ್ನು ಸೇರಿಸಿಕೊಂಡು ಒಂದು ಅಧ್ಯಯನ ಮಾಡಿದರು. ಅದು 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಹತ್ತಿರ ನೋಡುವ ಕನ್ನಡಕವನ್ನು ಮೊದಲೇ ಕೊಟ್ಟರು. ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರ ಎಲೆ ಕೊಯ್ಲು ಉಳಿದವರಿಗಿಂತ ನೂರಕ್ಕೆ ಸುಮಾರು 20ರಷ್ಟು ಹೆಚ್ಚಿತು. ಅಂದರೆ ಕನ್ನಡಕ ಶೋಕಿಯಲ್ಲ. ಕುಡುಗೋಲು, ಸೂಜಿಯ ಹಾಗೆ ಅದೂ ದುಡಿಯುವ ಸಾಧನ. ಓದುವ ಸಾಧನವೂ ಹೌದು.

ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುತ್ತದೆ ಅನ್ನುವುದು ಸುಳ್ಳು. ವಯಸ್ಸಾದ ಹಾಗೆ ನಂಬರು ಹೆಚ್ಚುವುದು ಸಹಜ. ಹಾಕಿದರೂ ಹೆಚ್ಚುತ್ತದೆ, ಹಾಕದಿದ್ದರೂ ಹೆಚ್ಚುತ್ತದೆ. ಬೇರೆಯವರ ಕನ್ನಡಕ ಹಾಕಬೇಡಿ. ನಂಬರು ಹೊಂದದೆ ತಲೆನೋವು ಬರುತ್ತದೆ. ನಿಮ್ಮ ಕಣ್ಣನ್ನು ಪರೀಕ್ಷೆ ಮಾಡಿಸಿ, ನಿಮ್ಮದೇ ಕನ್ನಡಕ ತೆಗೆದುಕೊಳ್ಳಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಕೆಲವು ತೊಂದರೆಗೆ ಒಂದು ದಿನವೂ ಕಾಯಬಾರದು. ಕಣ್ಣು ಕೆಂಪಾಗಿ ಬಹಳ ನೋವು ಬಂದರೆ. ದೀಪದ ಸುತ್ತ ಬಣ್ಣದ ಬಳೆ ಕಂಡರೆ. ಮಿಂಚು ಹೊಡೆದ ಹಾಗೆ ಆದರೆ. ಪರದೆ ಬಿದ್ದ ಹಾಗೆ ಒಂದು ಕಡೆ ಕತ್ತಲಾದರೆ. ಇದ್ದಕ್ಕಿದ್ದಂತೆ ದೃಷ್ಟಿ ಹೋದರೆ. ಕೂಡಲೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯೇ ಮದ್ದು. ವ್ಯಾಯಾಮದಿಂದ ಪೊರೆ ಕರಗುವುದಿಲ್ಲ.

ಅಕ್ಕತಂಗಿಯರೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಈ ಪುಸ್ತಕ ನೋಡಿ. ಆಮೇಲೆ ಆ ಕಣ್ಣು ಮುಚ್ಚಿ, ಈ ಕಣ್ಣಿನಿಂದ ನೋಡಿ. ನೆರೆಮನೆಯವರಿಗೂ ಮಾಡಿಸಿ. ಅಕ್ಷರ ಮಸುಕಾದವರು ನಾಲ್ಕು ಜನ ಸಿಕ್ಕರೆ ನಾಲ್ವರೂ ಕೂಡಿ ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಲು ಸಂಕೋಚ, ಕೂಡಿ ಹೋದರೆ ಧೈರ್ಯ.

ಪಾಠ ಬಿಟ್ಟುಹೋದ ಅಕ್ಕನ ಮನೆಗೂ ಹೋಗಿ ಹೇಳಿ. "ನಿನ್ನ ತಲೆ ಚೆನ್ನಾಗಿದೆ ಅಕ್ಕ, ಕಣ್ಣು ತೋರಿಸೋಣ ಬಾ" ಅನ್ನಿ. ಅವಳ ಜಾಗ ಇಲ್ಲಿ ಖಾಲಿ ಇದೆ. ಅವಳ ಪುಸ್ತಕವೂ ಇಲ್ಲೇ ಇದೆ.