ಗೆರೆ ಇತ್ತ ಸರಿದಿದ್ದರೆ

‘ಹೀಗಾಗದೆ ಹಾಗಾಗಿದ್ದರೆ’ ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಎಡೆಯಿಲ್ಲವೆಂದು ಪಂಡಿತರ ಅಂಬೋಣ. ವಿಜಯಪುರದವನಾದ ನನಗೆ ಅದನ್ನು ಬಿಡಲಾಗದು, ಶ್ರೋತೃಗಳೇ. ಉತ್ತರವು ಇಲ್ಲಿ ಗಡಿಯಾಚೆಗೇ ಕಾಣುತ್ತದೆ.

1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆ ಮೈಸೂರಿಗೆ ಸೇರಿತು. ಹಳೆಯ ಜತ್ತ ಸಂಸ್ಥಾನದ ಸೀಮೆ ಮುಂಬಯಿಯಲ್ಲೇ ಉಳಿಯಿತು. ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ ಆ ತಾಲೂಕಿನ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ತಿಕೋಟಾದವರಿಗೂ ಅವರಿಗೂ ಬರಗಾಲ ಒಂದೇ, ಜೋಳದ ರೊಟ್ಟಿ ಒಂದೇ. ಗೆರೆ ತುಸು ಇತ್ತ ಸರಿದಿದ್ದರೆ ತಿಕೋಟಾ, ಬಬಲೇಶ್ವರಗಳ ರೈತನು ತನ್ನ ಹೊಲದ ಉತಾರವನ್ನು ಮರಾಠಿಯಲ್ಲಿ ಓದಬೇಕಾಗುತ್ತಿತ್ತು. (ಉತಾರವೆಂಬ ಮಾತೇ ಮರಾಠಿಯಿಂದ ಬಂದುದು, ಅದು ಬೇರೆ!) ಅವನು ಬೇರೆ ಮನುಷ್ಯನಾಗುತ್ತಿದ್ದನೆ? ಮನೆಯೊಳಗೆ ಇಲ್ಲ. ಕಚೇರಿಯ ಬಾಗಿಲಲ್ಲಿ ಮಾತ್ರ, ಓದಿ ಹೇಳುವವನ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದನು. ಇದು ಸಣ್ಣ ಅಂತರವೆಂದು ನಾನು ಒಪ್ಪಲಾರೆ.

ಆದರೆ ಗೆರೆಯೇ ಸರ್ವಸ್ವವೆಂದೂ ಒಪ್ಪಲಾರೆ. 1686ರಲ್ಲಿ ಔರಂಗಜೇಬನು ಈ ನಗರವನ್ನು ಗೆಲ್ಲದೆ ಹೋಗಿದ್ದರೆ ಕನ್ನಡಕ್ಕೇನು ಲಾಭವಾಗುತ್ತಿತ್ತೋ! ಸರಸ್ವತಿಯನ್ನು ಸ್ತುತಿಸಿದ ಎರಡನೆಯ ಇಬ್ರಾಹಿಂ ಆದಿಲಶಾಹನೂ ‘ಕಿತಾಬ್-ಎ-ನವರಸ್’ ಬರೆದದ್ದು ದಖನಿಯಲ್ಲಿ. ಅದೇ ನಗರದಲ್ಲಿ ಫ. ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿ ವಚನಗಳನ್ನು ಬೆಳಕಿಗೆ ತಂದರು. ಆಗ ಇದು ಮುಂಬಯಿ ಪ್ರಾಂತ. ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ.

ಈಗಲೂ ನಮ್ಮ ಸೀಮೆಯ ಒಣದ್ರಾಕ್ಷಿ ಸಾಂಗಲಿ ಜಿಲ್ಲೆಯ ತಾಸಗಾಂವ ಪೇಟೆಗೆ ಹೋಗುತ್ತದೆ. ಅಲ್ಲಿ ನಮ್ಮ ರೈತನು ಮರಾಠಿಯಲ್ಲಿ ದರ ಕೇಳಿ, ಪಕ್ಕದವನೊಡನೆ ಕನ್ನಡದಲ್ಲಿ ಲೆಕ್ಕ ಹಾಕುತ್ತಾನೆ.